ವೀರಗಲ್ಲುಗಳೂ ವಿನಯವೂ: ಕನ್ನಡ ವೀರಧರ್ಮದ ಕೆಲವು ಟಿಪ್ಪಣಿಗಳು

ಕಳೆದ ಜನವರಿಯ ಒಂದು ಶನಿವಾರ ಬೆಳಿಗ್ಗೆ ಸೆಂಟ್ರಲ್ ಜೆರ್ಸಿಯ ಶಾಲೆಯೊಂದರ ಜಿಮ್‌ನಲ್ಲಿ ಮರದ ಬೆಂಚಿನ ಮೇಲೆ ಕೂತಿದ್ದೆ. ಹತ್ತು ವರ್ಷದ ಮೊಮ್ಮಗನ ಕುಸ್ತಿ ಪಂದ್ಯ. ನಮ್ಮ ಬಳಗದ ಮಕ್ಕಳು ಚೆಸ್, ಈಜು, ಕ್ರಿಕೆಟ್ ಎಂದು ಓಡಾಡುವಾಗ ಇವನಿಗೆ ಮಾತ್ರ ಕುಸ್ತಿಯ ಹುಚ್ಚು ಎಲ್ಲಿಂದ ಹಿಡಿಯಿತೋ ತಿಳಿಯದು. ಎದುರಾಳಿ ಇವನಿಗಿಂತ ಸಣಕಲು ಹುಡುಗ. ಎರಡನೇ ಸುತ್ತಿನಲ್ಲಿ ಅವನ ಬೆನ್ನು ಮ್ಯಾಟಿಗೆ ತಾಗಿತು, ರೆಫರಿ ಇವನ ಕೈ ಎತ್ತಿ ಹಿಡಿದರು. ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆಮೇಲೆ ನಡೆದದ್ದು ಬೇರೆ. ಕೈಕುಲುಕುವಾಗ ಇವನು ಬೆರಳ ತುದಿಯನ್ನಷ್ಟೇ ತಾಗಿಸಿ, ತನ್ನ ಗೆಳೆಯರತ್ತ ತಿರುಗಿ, ಎರಡೂ ಮುಷ್ಟಿಗಳಿಂದ ಕಣ್ಣೊರೆಸಿಕೊಳ್ಳುವಂತೆ ನಟಿಸಿದ. ಗೆಳೆಯರು ಗೊಳ್ಳೆಂದು ನಕ್ಕರು. ಆ ಇನ್ನೊಬ್ಬ ಹುಡುಗ ನಿಜವಾಗಿಯೂ ಅಳುತ್ತಿದ್ದ.

ಮನೆಗೆ ಬರುವಾಗ ಕಾರಿನಲ್ಲಿ ಮೌನ. ಕೊನೆಗೆ ಮಗಳು, "ಅಪ್ಪ, ನಾನು ಹೇಳಿದರೆ ಅವನ ಕಿವಿಗೆ ಹೋಗಲ್ಲ. ನೀವೇ ಏನಾದರೂ ಹೇಳಿ" ಎಂದಳು. ಹುಡುಗ ಹಿಂದಿನ ಸೀಟಿನಲ್ಲಿ ಒಂದು ಪುಸ್ತಕ ಬಿಡಿಸಿಕೊಂಡು ಕೂತಿದ್ದ. ಪುಸ್ತಕ ಆರ್ಥರ್ ರಾಜನ ನೈಟ್‌ಗಳದ್ದು! ಗೆದ್ದವನು ಸೋತವನನ್ನು ಮೇಲೆತ್ತುವ ಕಥೆಗಳನ್ನು ಓದುತ್ತಲೇ, ಅರ್ಧ ಗಂಟೆಯ ಹಿಂದೆ ತಾನೇನು ಮಾಡಿದೆ ಎಂಬುದನ್ನು ಆತ ಅದಕ್ಕೆ ಜೋಡಿಸಿಕೊಂಡಿರಲಿಲ್ಲ. ನಾನೂ ಅವನ ವಯಸ್ಸಿನಲ್ಲಿ ಜೋಡಿಸಿಕೊಂಡಿರಲಿಲ್ಲ ಎನ್ನಿ.

ನಾನು ಇತಿಹಾಸಕಾರನಲ್ಲ. ಹುಬ್ಬಳ್ಳಿಯ ಕೆ.ಎಂ.ಸಿ.ಯಲ್ಲಿ ವೈದ್ಯಕೀಯ ಓದಿ, ಈ ದೇಶದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವೃತ್ತಿ ನಡೆಸಿ, ಈಗ ನಿವೃತ್ತನಾಗಿ ಹಳೆಯ ಶಾಸನ ಸಂಪುಟಗಳನ್ನು ಓದುತ್ತಾ ಕೂತಿರುವವನು. ಮೊಮ್ಮಗನಿಗೆ ಉಪದೇಶ ಮಾಡಲು ಹೋಗಿ ನನಗೇ ಒದಗಿದ ಪಾಠವನ್ನು ಈ ಸಂಚಿಕೆಯ ಓದುಗರ ಮುಂದೆ ಇಡುತ್ತಿದ್ದೇನೆ.

ಮೊದಲು ಅವನನ್ನು ಮ್ಯಾನ್‌ಹಟನ್‌ಗೆ ಕರೆದುಕೊಂಡು ಹೋದೆ. ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಆಯುಧ ಮತ್ತು ಕವಚಗಳ ವಿಭಾಗವನ್ನು ನಮ್ಮಲ್ಲಿ ಅನೇಕರು ನೋಡಿದ್ದೀರಿ. ನಡುವೆ ಉಕ್ಕು ಹೊದ್ದ ಕುದುರೆಗಳ ಮೇಲೆ ಉಕ್ಕಿನ ಸವಾರರು. ಫ್ರೆಂಚ್ ಭಾಷೆಯಲ್ಲಿ ಕುದುರೆಗೆ ಶೆವಾಲ್ ಎನ್ನುತ್ತಾರೆ. ಶಿವಲ್ರಿ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಆದರೆ ನನ್ನ ಕಾಲು ನಿಂತದ್ದು ಆ ಸವಾರರ ಮುಂದಲ್ಲ, ಒಂದು ಪುಟ್ಟ ಕವಚದ ಮುಂದೆ. 1712ರಲ್ಲಿ ಪ್ಯಾರಿಸ್‌ನಲ್ಲಿ ತಯಾರಾದದ್ದು. ಸ್ಪೇನ್‌ನ ರಾಜಕುಮಾರ ಲೂಯಿಸ್‌ಗೆ ಅವನ ಮುತ್ತಜ್ಜ, ಫ್ರಾನ್ಸಿನ ಹದಿನಾಲ್ಕನೇ ಲೂಯಿ, ಕೊಟ್ಟ ಉಡುಗೊರೆ. ಆಗ ಹುಡುಗನಿಗೆ ಐದು ವರ್ಷ. ಬಂದೂಕು ಬಂದು ಕವಚದ ಕಾಲ ಮುಗಿದುಹೋಗಿತ್ತು. ಆದರೂ ಅಜ್ಜಂದಿರಿಗೆ ಮೊಮ್ಮಕ್ಕಳ ಮೈಮೇಲೆ ಹಳೆಯದನ್ನೊಂದು ತೊಡಿಸಿ ನೋಡುವ ಆಸೆ! ಆ ಲೂಯಿಸ್ 1724ರಲ್ಲಿ ರಾಜನಾದ. ಏಳು ತಿಂಗಳು ಆಳಿ, ಹದಿನೇಳನೆಯ ವಯಸ್ಸಿನಲ್ಲಿ ಸಿಡುಬಿಗೆ ಬಲಿಯಾದ. ವೈದ್ಯನಾದ ನನಗೆ ಆ ಕವಚ ನೋಡಿ ಮೊದಲು ನೆನಪಾದದ್ದೇ ಇದು.

ಉಕ್ಕಿನ ಕವಚಕ್ಕಿಂತ ಆ ನೈಟ್‌ಗಳ ಶಿಕ್ಷಣ ಕ್ರಮ ನನಗೆ ಸ್ವಾರಸ್ಯವೆನಿಸುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಏಳು ವರ್ಷದ ಹುಡುಗನನ್ನು ಇನ್ನೊಬ್ಬ ಪ್ರಭುವಿನ ಮನೆಗೆ ಕಳಿಸುತ್ತಿದ್ದರು. ಅಲ್ಲಿ ಅವನು ಮೊದಲು ಕಲಿಯುತ್ತಿದ್ದುದು ಕತ್ತಿವರಸೆಯನ್ನಲ್ಲ. ಊಟದ ಮೇಜಿನ ಬಳಿ ನಿಂತು ಬಡಿಸುವುದನ್ನು, ಹಿರಿಯರ ಕೈಗೆ ನೀರು ಹಾಕುವುದನ್ನು. ಹದಿನಾಲ್ಕರ ಸುಮಾರಿಗೆ ಆಯುಧ. ಮಯೋರ್ಕ ದ್ವೀಪದ ರಾಮೋನ್ ಲುಲ್ ಎಂಬಾತ ಸುಮಾರು 1275ರಲ್ಲಿ ನೈಟ್‌ಗಳ ಧರ್ಮವನ್ನು ಕುರಿತು ಒಂದು ಪುಸ್ತಕವನ್ನೇ ಬರೆದ. ವಿಧವೆಯರನ್ನು, ಅನಾಥರನ್ನು, ದುರ್ಬಲರನ್ನು ಕಾಪಾಡುವುದು ನೈಟ್‌ನ ಕೆಲಸ ಎಂದು ಅದರಲ್ಲಿದೆ. ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ 1484ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. 1908ರಲ್ಲಿ ಬೇಡನ್ ಪೊವೆಲ್ ತನ್ನ ಸ್ಕೌಟ್ ಪುಸ್ತಕದಲ್ಲಿ ಇದೇ ನೈಟ್‌ಗಳನ್ನು ಮಕ್ಕಳ ಮುಂದೆ ನಿಲ್ಲಿಸಿದ. ಅಮೆರಿಕದ ಬಾಯ್ ಸ್ಕೌಟ್ಸ್‌ನ ಕೇಂದ್ರ ಕಚೇರಿ 1954ರಿಂದ 1979ರವರೆಗೆ ನಮ್ಮ ನಾರ್ತ್ ಬ್ರನ್ಸ್‌ವಿಕ್‌ನಲ್ಲೇ ಇತ್ತು ಎಂಬುದು ಇಲ್ಲಿ ಅನೇಕರಿಗೆ ಹೊಸ ಸುದ್ದಿ ಇರಬಹುದು.

ರೈಲಿನಲ್ಲಿ ವಾಪಸು ಬರುವಾಗ ಹುಡುಗ ಕೇಳಿದ: "ಅಜ್ಜ, ನಮ್ಮ ಕಡೆ ನೈಟ್ಸ್ ಇರಲಿಲ್ವಾ?"

ಇದ್ದರು. ನಾನು ಹುಟ್ಟಿದ ಶಿಕಾರಿಪುರ ತಾಲ್ಲೂಕಿನ ಹಳ್ಳಿಯಲ್ಲಿ ಕೆರೆ ಏರಿಯ ಕೆಳಗೆ ಮೂರು ಕಲ್ಲುಗಳು ನಿಂತಿದ್ದವು. ಒಂದರ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನಾವು ಹುಡುಗರು ಅದಕ್ಕೆ ಒರಗಿ ನೇರಳೆ ಹಣ್ಣು ತಿನ್ನುತ್ತಿದ್ದೆವು. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ಒಬ್ಬ, ಅವನ ಹಿಂದೆ ದನಗಳು. ಮಧ್ಯದಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ವೀರಗಲ್ಲು ಎಂಬ ಹೆಸರು ಕೇಳಿದ್ದೆವೇ ಹೊರತು ಅದು ಯಾರದೋ ಮನೆಯ ಹುಡುಗನ ಸಾವಿನ ಸುದ್ದಿ ಎಂದು ನಮಗೆ ಯಾರೂ ಹೇಳಿರಲಿಲ್ಲ.

ವೀರಗಲ್ಲು ಇಲ್ಲದ ತಾಲ್ಲೂಕು ಕರ್ನಾಟಕದಲ್ಲಿ ಸಿಗುವುದು ಕಷ್ಟ. ಆರ್. ಶೇಷಶಾಸ್ತ್ರಿಯವರು ಇವುಗಳ ಮೇಲೆ ದೊಡ್ಡ ಗ್ರಂಥವನ್ನೇ ಬರೆದಿದ್ದಾರೆ. ಎಂ. ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ವೀರರ ಬದುಕಿಗೆ ಸಾಕಷ್ಟು ಪುಟಗಳನ್ನು ಕೊಟ್ಟಿದ್ದಾರೆ. ಈ ವೀರರು ಏಕೆ ಸತ್ತರು ಎಂದು ನೋಡಿದರೆ ಕಾರಣಗಳಿಗೆ ಹೆಸರೇ ಇವೆ. ತುರುಗೋಳ್ ಎಂದರೆ ಊರ ದನಗಳನ್ನು ಹೊಡೆದುಕೊಂಡು ಹೋದವರನ್ನು ತಡೆದು ಕಾದಿದ್ದು. ಊರಳಿವು ಎಂದರೆ ಊರೇ ಹಾಳಾಗುವ ಹೊತ್ತಿನ ಹೋರಾಟ. ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮೊರೆ ಕೇಳಿ ನುಗ್ಗಿದ್ದು. ರಾಜ್ಯ ಗೆಲ್ಲಲು ಹೋಗಿ ಸತ್ತವರ ಕಲ್ಲುಗಳೂ ಇವೆ, ನಿಜ. ಆದರೆ ನೆರೆಮನೆಯವರ ಹಸುವಿಗಾಗಿ ಸತ್ತವರಿಗೂ ಕಲ್ಲು ಇದೆ. ಯುರೋಪಿನಲ್ಲಿ ನೈಟ್ ಆಗಲು ಕುದುರೆ ಬೇಕು, ಜಮೀನು ಬೇಕು, ವಂಶ ಬೇಕು. ನಮ್ಮಲ್ಲಿ ಗೌಡನಿಗೂ, ಬೇಡನಿಗೂ, ದನಗಾಹಿಗೂ ಊರವರು ಕಲ್ಲು ನಿಲ್ಲಿಸಿದ್ದಾರೆ.

ನಾಯಿಗೂ ನಿಲ್ಲಿಸಿದ್ದಾರೆ! ಇದನ್ನು ಹೇಳಿದಾಗ ಹುಡುಗ ಫೋನು ಕೆಳಗಿಟ್ಟ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಅದು; ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದ ಕಾಳಗ. ಕೃಷ್ಣನ ಪರವಾಗಿ ಗಂಗರ ಬೂತುಗ. ಬೂತುಗನ ಕೈಕೆಳಗೆ ಮಣಲೆರ ಎಂಬ ವೀರ. ಯುದ್ಧದಲ್ಲಿ ಮಣಲೆರನ ಸಾಹಸ ಮೆಚ್ಚಿ ದೊರೆ, ಬೇಕಾದ್ದು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಕೆಲಲೆ ಎಂಬಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ಆ ನಾಯಿಯ ಪಾಪ ತಟ್ಟಲಿ ಎಂಬ ಎಚ್ಚರಿಕೆಯೂ ಶಾಸನದಲ್ಲಿದೆ. ಒಂದು ಸಾಮ್ರಾಜ್ಯದ ದೊಡ್ಡ ಗೆಲುವಿನ ವಿವರ ನಮಗೆ ಉಳಿದು ಬಂದದ್ದರಲ್ಲಿ ಒಂದು ನಾಯಿಯ ಸ್ಮಾರಕದ ಪಾಲು ದೊಡ್ಡದು. ಅದರ ಮೇಲೆ ನಾಯಿ ಹಂದಿಗಳು ಎದುರುಬದುರಾಗಿ ಸೆಣಸುವ ಶಿಲ್ಪವಿದೆ. ನಮ್ಮ ಹುಡುಗ ಫೋನಿನಲ್ಲಿ ಆ ಚಿತ್ರ ಹುಡುಕಿ ಬಹಳ ಹೊತ್ತು ನೋಡಿದ.

ಆದರೆ ನನಗೆ ಬೇಕಾಗಿದ್ದದ್ದು ಸಾಹಸಕ್ಕಿಂತ ಸೌಜನ್ಯ. ಅದಕ್ಕೆ ಬಾದಾಮಿಗೆ ಹೋಗಬೇಕು. ಅಗಸ್ತ್ಯತೀರ್ಥದ ಆಚೆ ತಟ್ಟುಕೋಟೆಯ ಬಳಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಒಂದು ಶಾಸನವಿದೆ. ಕಪ್ಪೆ ಅರಭಟ್ಟ ಎಂಬ ವೀರನನ್ನು ಕುರಿತದ್ದು. ಕನ್ನಡದ ಮೊದಲ ತ್ರಿಪದಿಗಳು ಇದರಲ್ಲಿವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನಿಮಗೂ ನೆನಪಿರಬಹುದು. ಪರೀಕ್ಷೆಗೆ ಛಂದಸ್ಸು ಓದಿದೆವೇ ಹೊರತು ಅರ್ಥದ ಕಡೆ ಗಮನ ಕೊಟ್ಟವರು ಕಡಿಮೆ. ಆ ವೀರ ಎಂಥವನು ಎಂದು ಹೇಳುವಾಗ ಕವಿ ಅವನ ತೋಳಬಲದಿಂದ ಆರಂಭಿಸುವುದಿಲ್ಲ. ಒಳ್ಳೆಯವರಿಗೆ ಒಳ್ಳೆಯವನು, ಸವಿಯಾಗಿ ನಡೆದುಕೊಳ್ಳುವವರಿಗೆ ಸವಿಯಾದವನು ಎಂಬ ಗುಣಗಳು ಮೊದಲು ಬರುತ್ತವೆ. ಕೆಣಕಿದವರಿಗೆ ಅವನು ಏನಾಗುತ್ತಾನೆ ಎಂಬುದು ಆಮೇಲೆ. ಮಾನ ಹೋಗುವುದಕ್ಕಿಂತ ಸಾವು ಲೇಸು, ಸಾವಿನ ನೋವು ಒಂದು ಕ್ಷಣದ್ದು, ಮಾನಭಂಗದ ನೋವು ದಿನದಿನದ್ದು ಎಂಬ ಅರ್ಥದ ಸಂಸ್ಕೃತ ಶ್ಲೋಕವೂ ಜೊತೆಗಿದೆ. ಈ ದಿನದಿನದ ನೋವಿನ ವಿಚಾರಕ್ಕೆ ಮುಂದೆ ಬರುತ್ತೇನೆ.

ಹೀಗೆಯೇ ಶಾಸನಗಳ ಬಿರುದುಗಳನ್ನು ನೋಡಿ. ಸುಮ್ಮನೆ ಹೊಗಳಿಕೆ ಎಂದು ನಾವು ದಾಟಿಸಿಬಿಡುತ್ತೇವೆ. ಪರನಾರೀಸಹೋದರ: ಇತರರ ಹೆಂಡಿರಿಗೆ ಅಣ್ಣ ತಮ್ಮನಂತಿರುವವನು. ಶರಣಾಗತವಜ್ರಪಂಜರ: ಮೊರೆಹೊಕ್ಕವರಿಗೆ ವಜ್ರದ ಗೂಡಿನಂತೆ ರಕ್ಷೆ ಕೊಡುವವನು. ಬಿರುದು ಹೊತ್ತವರೆಲ್ಲ ಹಾಗೆ ನಡೆದರು ಎಂದು ನಾನು ನಂಬುವುದಿಲ್ಲ. ಆಸ್ಪತ್ರೆಯ ಗೋಡೆಗೆ ತೂಗುಹಾಕಿದ ಧ್ಯೇಯವಾಕ್ಯಗಳನ್ನು ಬಹಳ ಕಂಡಿದ್ದೇನೆ. ಆದರೂ ಒಂದು ಸಮಾಜ ಯಾವುದರಿಂದ ಹೊಗಳಿಸಿಕೊಳ್ಳಲು ಆಸೆಪಡುತ್ತದೆ ಎಂಬುದರಿಂದ ಅದರ ಬಗ್ಗೆ ಒಂದಿಷ್ಟು ತಿಳಿಯುತ್ತದೆ. ಮುಧೋಳ, ಮೈಸೂರುಗಳ ಗರಡಿಮನೆಗಳಲ್ಲಿ ಕೆಮ್ಮಣ್ಣಿಗೆ ನಮಸ್ಕರಿಸದೆ ಅಖಾಡಕ್ಕೆ ಇಳಿಯುವಂತಿಲ್ಲ. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಒಬ್ಬ ಜೆಟ್ಟಿಯ ತಲೆಯಿಂದ ನೆತ್ತರು ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ.

ಗರಡಿಯ ಮುಧೋಳ ಎಂದೆನಲ್ಲ, ಅದೇ ಊರಿನ ಬಳೆಗಾರರ ಮನೆಯ ಹುಡುಗ ರನ್ನ. ಹತ್ತನೆಯ ಶತಮಾನದವನು. ಅವನ ಗದಾಯುದ್ಧದ ಒಂದು ಸನ್ನಿವೇಶವನ್ನೇ ಹುಡುಗನಿಗೆ ಬಿಡಿಸಿ ಹೇಳಿದೆ. ಯುದ್ಧ ಮುಗಿಯುತ್ತ ಬಂದಿದೆ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆದು ಭೀಷ್ಮರನ್ನು ಕಾಣಲು ಹೋಗುತ್ತಿದ್ದಾನೆ. ದಾರಿಯಲ್ಲಿ ದ್ರೋಣ, ದುಶ್ಶಾಸನ, ಕರ್ಣ, ತನ್ನದೇ ಮಗ ಲಕ್ಷಣಕುಮಾರ. ಇವರ ನಡುವೆ ಅಭಿಮನ್ಯುವಿನ ಹೆಣ. ಶತ್ರುವಿನ ಮಗ, ತನ್ನ ಮಗನನ್ನು ಕೊಂದವನು. ಅಲ್ಲಿ ದುರ್ಯೋಧನ ನಿಲ್ಲುತ್ತಾನೆ, ಕೈಮುಗಿಯುತ್ತಾನೆ, ಅವನ ಪರಾಕ್ರಮವನ್ನು ಮೆಚ್ಚಿ, ಅಂಥ ಸಾವಿನ ಒಂದು ಪಾಲು ತನಗೂ ಸಿಗಲಿ ಎಂದು ಬಯಸುತ್ತಾನೆ. ಆ ಬಾಲಕನನ್ನು ಚಕ್ರವ್ಯೂಹದಲ್ಲಿ ಹಲವರು ಸುತ್ತುವರಿದು ಕೊಂದದ್ದು ಇದೇ ದುರ್ಯೋಧನನ ಪಕ್ಷ ಎಂಬುದನ್ನು ರನ್ನ ಮರೆತಿಲ್ಲ, ಓದುಗನೂ ಮರೆಯಲಾರ. ಅದಕ್ಕೇ ಆ ನಮಸ್ಕಾರಕ್ಕೆ ಅಷ್ಟು ತೂಕ. ಇನ್ನು ಕೊನೆಗೆ ಭೀಮ ತೊಡೆಗೆ ಹೊಡೆದದ್ದು. ನಾಭಿಯ ಕೆಳಗೆ ಹೊಡೆಯಬಾರದು ಎಂಬುದು ಗದಾಯುದ್ಧದ ನಿಯಮ.

"ಹಾಗಾದ್ರೆ ಭೀಮ ಚೀಟ್ ಮಾಡಿದ್ನಾ? ಭೀಮ ಗುಡ್ ಗೈ ಅಲ್ವಾ?"

"ಎರಡೂ ಹೌದು ಮರಿ."

ಅವನಿಗೆ ಈ ಉತ್ತರ ಹಿಡಿಸಲಿಲ್ಲ. ನನಗೂ ಹತ್ತನೆಯ ವಯಸ್ಸಿನಲ್ಲಿ ಹಿಡಿಸುತ್ತಿರಲಿಲ್ಲ. ಅವನ ಕಣ್ಣೊರೆಸುವ ನಟನೆಯ ಮಾತನ್ನು ನಾನಾಗಿ ಎತ್ತಲಿಲ್ಲ. ಎಡಿಸನ್ ಸ್ಟೇಷನ್ ಬರುವ ಹೊತ್ತಿಗೆ ತಾನೇ ಕಿಟಕಿಯ ಕಡೆ ಮುಖ ಮಾಡಿ, "ಆ ಹುಡುಗ ತುಂಬ ಸ್ಮಾಲ್ ಇದ್ದ" ಎಂದ.

ಪುರಾಣ ಬೇಡ, ನಿಜವಾಗಿ ನಡೆದದ್ದು ಹೇಳು ಎನ್ನುವವರಿಗೆ ಕಿತ್ತೂರಿದೆ. ನಾನು ಹುಬ್ಬಳ್ಳಿಯಲ್ಲಿ ಓದುವಾಗ ಒಂದು ಭಾನುವಾರ ಗೆಳೆಯರೊಡನೆ ಬಸ್ಸಿನಲ್ಲಿ ಹೋಗಿ ಆ ಕೋಟೆಯ ಮುರಿದ ಗೋಡೆಗಳ ಮೇಲೆ ಕೂತು ಬಂದವನು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತದ್ದು ನಮಗೆಲ್ಲ ಗೊತ್ತು. ಅಂದು ಅವನ ಇಬ್ಬರು ಸಹಾಯಕರು, ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್, ಚೆನ್ನಮ್ಮನವರ ಕಡೆಯವರ ಕೈಗೆ ಸೆರೆಸಿಕ್ಕರು. ಎಲಿಯಟ್‌ಗೆ ಇಪ್ಪತ್ತೊಂದು ವರ್ಷ. ದತ್ತಕವನ್ನು ಒಪ್ಪದೆ ಸಂಸ್ಥಾನವನ್ನೇ ನುಂಗಲು ಬಂದವರ ಕಡೆಯವರು ಇವರು. ಸೇಡು ತೀರಿಸಿಕೊಳ್ಳಲು ಕೈಯಲ್ಲೇ ಇದ್ದರು. ಚೆನ್ನಮ್ಮ ಅವರನ್ನು ಜೀವಂತವಾಗಿ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟ ಮೇಲೂ ಯುದ್ಧ ನಿಲ್ಲಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ಸೌಜನ್ಯಕ್ಕೆ ತಕ್ಷಣದ ಪ್ರತಿಫಲ ಏನೂ ಸಿಗಲಿಲ್ಲ.

ಆದರೆ ಈ ಎಲಿಯಟ್ ಮುಂದೆ ಏನು ಮಾಡಿದ ನೋಡಿ. ಅದೇ ಸೀಮೆಯ ಊರೂರುಗಳ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿ ಸಂಗ್ರಹಿಸಿದ. ಚಾಲುಕ್ಯರ ಇತಿಹಾಸವನ್ನು ಶಾಸನಗಳಿಂದ ಕಟ್ಟಲು ಹೊರಟ ಮೊದಲಿಗರಲ್ಲಿ ಆತ ಒಬ್ಬ. ಆಮೇಲೆ ಬಂದ ಫ್ಲೀಟ್ ಆ ಸಂಗ್ರಹವನ್ನು ಬಳಸಿಕೊಂಡ. ಕಿತ್ತೂರಿನ ಸೆರೆಗೂ ಆ ಆಸಕ್ತಿಗೂ ಸಂಬಂಧ ಕಲ್ಪಿಸಿ ನಾನು ಕಥೆ ಕಟ್ಟುವುದಿಲ್ಲ. ಅವನು ಅಂದು ಸತ್ತಿದ್ದರೆ ಆ ಸಂಗ್ರಹ ಇರುತ್ತಿರಲಿಲ್ಲ ಎಂಬಷ್ಟು ಮಾತ್ರ ನಿಶ್ಚಯ.

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಚೆನ್ನಾಗಿರುತ್ತಿತ್ತು. ಆದರೆ ವೀರಧರ್ಮಕ್ಕೆ ಇನ್ನೊಂದು ಮುಖವಿದೆ, ಅದನ್ನು ಮಕ್ಕಳಿಗೆ ಹಾಗೇ ಕಲಿಸಬಾರದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಗರುಡಗಂಬವಿದೆ. ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ಗರುಡನಾದ ಕುವರ ಲಕ್ಷ್ಮ ಹೆಂಡತಿಯೊಡನೆ, ತನ್ನ ವೀರರೊಡನೆ ಪ್ರಾಣ ಬಿಟ್ಟದ್ದನ್ನು ಅದು ಹೇಳುತ್ತದೆ. ತಮ್ಮ ಕೈಯಿಂದಲೇ ತಮ್ಮ ತಲೆ ಕತ್ತರಿಸಿಕೊಳ್ಳುವವರ ಚಿತ್ರಗಳು ಅದರ ಮೇಲಿವೆ. ಅನ್ನ ಕೊಟ್ಟ ಒಡೆಯನಿಗೆ ಪ್ರಾಣ ಕೊಡುವುದಕ್ಕೆ ಜೋಳವಾಳಿ ಎಂಬ ಹೆಸರಿತ್ತು. ಉಂಡ ಜೋಳದ ಋಣ. ಪಂಪನ ಕರ್ಣ ಕೃಷ್ಣನಿಂದ ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಡದಿರುವುದನ್ನು ಓದಿ ಕಣ್ಣೀರು ಹಾಕಿದವನು ನಾನು. ಆದರೆ ಒಡೆಯನಿಗೆ ನಿಷ್ಠೆ ಎಂಬುದು ಎಷ್ಟು ಸುಲಭವಾಗಿ ಬಾಯಿಮುಚ್ಚಿಕೊಂಡಿರಲು ನೆಪವಾಗುತ್ತದೆ ಎಂಬುದೂ ನನಗೆ ಗೊತ್ತು.

1980ರ ದಶಕದಲ್ಲಿ ಹಡ್ಸನ್ ನದಿಯ ಈಚೆ ದಡದ ಒಂದು ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮಾಡುತ್ತಿದ್ದೆ. ಒಂದು ರಾತ್ರಿ, ಮೂವತ್ತು ಗಂಟೆ ನಿದ್ರೆಯಿಲ್ಲದ ಕಣ್ಣಿನಲ್ಲಿ, ಔಷಧದ ಪ್ರಮಾಣ ಬರೆಯುವಾಗ ದಶಮಾಂಶದ ಚುಕ್ಕಿಯನ್ನು ತಪ್ಪು ಜಾಗದಲ್ಲಿ ಇಟ್ಟೆ. ರಾತ್ರಿಪಾಳಿಯ ನರ್ಸ್, ಫಿಲಿಪೀನ್ಸ್‌ನಿಂದ ಬಂದಿದ್ದ ಹೆಣ್ಣುಮಗಳು, ಬರೆದಂತೆಯೇ ಕೊಟ್ಟರು. ರೋಗಿಗೆ ಏನೂ ಆಗಲಿಲ್ಲ, ಪುಣ್ಯ. ಬೆಳಿಗ್ಗೆ ರೌಂಡ್ಸ್‌ನಲ್ಲಿ ಹಿರಿಯ ವೈದ್ಯರು ಎಲ್ಲರ ಮುಂದೆ ಆ ನರ್ಸನ್ನು ಬೈದರು. ಚಾರ್ಟಿನ ಹಿಂದಿನ ಪುಟ ತಿರುವಿದ್ದರೆ ನನ್ನ ಕೈಬರಹ ಕಾಣುತ್ತಿತ್ತು. ಅವರು ತಿರುವಲಿಲ್ಲ. ನಾನು ಎರಡು ಅಡಿ ದೂರದಲ್ಲಿ ನಿಂತಿದ್ದೆ. ವೀಸಾ, ಊರಿನಲ್ಲಿದ್ದ ತಂಗಿಯ ಮದುವೆ, ಹಿರಿಯರ ಮುಂದೆ ವಿಭಾಗದ ಮರ್ಯಾದೆ, ಎಲ್ಲ ಮನಸ್ಸಿನಲ್ಲಿ ಹಾದುಹೋದವು. ಬಾಯಿ ತೆರೆಯಲಿಲ್ಲ. ಆಕೆ ನನ್ನ ಕಡೆ ಒಮ್ಮೆ ನೋಡಿದರು, ಏನೂ ಹೇಳಲಿಲ್ಲ. ವಾರದೊಳಗೆ ಅವರನ್ನು ಬೇರೆ ವಾರ್ಡಿಗೆ ಹಾಕಿದರು. ಬಾದಾಮಿಯ ಶಾಸನ ಹೇಳುವ ದಿನದಿನದ ನೋವು ಬೈಸಿಕೊಂಡ ಆಕೆಯ ಪಾಲಿಗೆ ಎಷ್ಟು ಬಂತೋ ಅರಿಯೆ, ನನ್ನ ಪಾಲಿಗಂತೂ ಬಂತು.

ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಫೆಬ್ರವರಿಯಲ್ಲಿ ಒಂದು ಸಂಜೆ ಹಿಮ ಸುರಿದು ಶಾಲೆಗೆ ರಜೆಯಾಗಿದ್ದಾಗ, ಅಡುಗೆಮನೆಯಲ್ಲಿ ಬಿಸಿ ಹಾಲಿನ ಲೋಟ ಹಿಡಿದು ಕೂತಿದ್ದ ಮೊಮ್ಮಗನಿಗೆ ಹೇಳಿದೆ. ಬೇರೆಯವರ ಕಥೆಗಳು ಆಗಲೇ ಮುಗಿದಿದ್ದವು.

ಅವನು ಕೇಳಿದ ಮೊದಲ ಪ್ರಶ್ನೆ: "ನೀನು ಸಾರಿ ಹೇಳಿದ್ಯಾ ಅಜ್ಜ?"

"ಇಲ್ಲ."

"ಯಾಕೆ?"

ಉತ್ತರ ಕೊಡಲಾಗಲಿಲ್ಲ. ಅವನೂ ಒತ್ತಾಯಿಸಲಿಲ್ಲ, ಲೋಟ ತೊಳೆದಿಟ್ಟು ಹೋದ.

ಮಾರ್ಚಿನ ಮೊದಲ ವಾರ ಅದೇ ಎರಡು ಊರುಗಳ ತಂಡಗಳು ಮತ್ತೆ ಸೇರಿದವು. ನಮ್ಮ ಹುಡುಗನಿಗೆ ಅಂದು ಬೇರೆ ಎದುರಾಳಿ ಸಿಕ್ಕಿದ್ದ. ಸೋತ, ನೆಟ್ಟಗೆ ಕೈಕುಲುಕಿ ಬಂದ. ಆಮೇಲೆ ಜಿಮ್‌ನ ಇನ್ನೊಂದು ಬದಿಗೆ ನಡೆದು ಹೋಗಿ, ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ ಆ ಸಣಕಲು ಹುಡುಗನ ಮುಂದೆ ನಿಂತು ಏನೋ ಹೇಳಿದ. ದೂರದಿಂದ ನನಗೆ ಕೇಳಿಸಲಿಲ್ಲ. ಆ ಹುಡುಗ ತಲೆ ಎತ್ತಿ ನೋಡಿದ, ಭುಜ ಕುಣಿಸಿದ, ಮತ್ತೆ ದಾರ ಕಟ್ಟತೊಡಗಿದ.

ಇವನು ಬಂದು ನನ್ನ ಪಕ್ಕ ಕೂತು ನೀರಿನ ಬಾಟಲಿ ತೆಗೆದ. "ನಾನು ಹೇಳಿದೆ ಅಜ್ಜ. ಈಗ ನಿನ್ನ ಟರ್ನ್."

ಆ ನರ್ಸ್‌ನ ಹೆಸರು ನನಗೆ ಇಂದಿಗೂ ನೆನಪಿದೆ. ಆಗ ಜೊತೆಗಿದ್ದ ಇಬ್ಬರು ಸಹೋದ್ಯೋಗಿಗಳಿಗೆ ಪತ್ರ ಬರೆದಿದ್ದೇನೆ. ಒಬ್ಬರಿಂದ ಉತ್ತರ ಬಂದಿದೆ, ಆಕೆ ನಿವೃತ್ತರಾದ ಮೇಲೆ ಫ್ಲಾರಿಡಾ ಕಡೆ ಹೋದರೆಂದು ಕೇಳಿದ ನೆನಪು ಎಂದು. ಹುಡುಕುತ್ತಿದ್ದೇನೆ.